ಬೇಚರಾಕ್ ಊರಿನ ಲೆಕ್ಕ

2019ರ ಆಗಸ್ಟ್ ತಿಂಗಳು. ಘಟಪ್ರಭೆ ಗೋಕಾಕ ಊರೊಳಗೆ ಬಂದು ಹೋಗಿ ಕೆಲವು ದಿನ ಆಗಿದ್ದವು. ಲೋಳಸೂರ ಸೇತುವೆ ಮುಳುಗಿ ಎದ್ದಿತ್ತು. ಹೊಳೀ ದಂಡಿಯ ಓಣಿಗಳಲ್ಲಿ ಉಳಿದದ್ದು ಕೆಸರು, ಕೊಳೆತ ಜ್ವಾಳ, ಕುಸಿದ ಗೋಡೆ. ನಾನು ರಜೆ ಹಾಕಿ ಬೆಂಗಳೂರಿನಿಂದ ಬಂದಿದ್ದೆ. ಸಲಿಕೆ ಹಿಡಿದು ಅರ್ಧ ತಾಸಿಗೆ ಸುಸ್ತಾದವನನ್ನು ನೋಡಿ ನಮ್ಮ ಓಣಿಯ ಹುಡುಗರು, "ನೀವು ಕಂಪ್ಯೂಟರ್ ಮಂದಿ, ಲೆಕ್ಕ ನೋಡ್ರಿ ಸಾಕು" ಅಂತ ಎರಡು ನೋಟ್‌ಬುಕ್ ಕೈಗೆ ಕೊಟ್ಟರು.

ಒಂದು ನೋಟ್‌ಬುಕ್ಕಿನಲ್ಲಿ ಮನೆಗಳ ಪಟ್ಟಿ. ಮನೆಗೊಂದು ನಂಬರು, ಮನೆ ಹಿರಿಯರ ಹೆಸರು, ಎಷ್ಟು ಮಂದಿ. ಹುಡುಗರೇ ಓಣಿ ಓಣಿ ಅಡ್ಡಾಡಿ ಬರೆದದ್ದು. ಇನ್ನೊಂದರಲ್ಲಿ ಹಂಚಿದ ಕಿಟ್‌ಗಳ ಲೆಕ್ಕ. ಯಾವ ದಿನ, ಯಾವ ನಂಬರಿನ ಮನೆಗೆ, ಅಕ್ಕಿಯೋ ಹೊದಿಕೆಯೋ. ನಾನು ಹೇಳಬೇಕಾದದ್ದು ಇಷ್ಟೇ: ಯಾವ ಮನೆಗೆ ಎಷ್ಟು ಕಿಟ್ ಹೋಗಿದೆ, ಕಡಿಮೆ ಸಿಕ್ಕವರು ಯಾರು. ಇವತ್ತಿನ ಗಾಡಿ ಮೊದಲು ಅವರ ಬಾಗಿಲಿಗೆ ಹೋಗಬೇಕು.

ಇದು ನನ್ನ ದಿನನಿತ್ಯದ ಕಸುಬು. ಎರಡೂ ಪಟ್ಟಿಯನ್ನು ಲ್ಯಾಪ್‌ಟಾಪಿಗೆ ಇಳಿಸಿದೆ. ಮನೆ ನಂಬರಿನ ಮೇಲೆ ಎರಡನ್ನೂ ಜೋಡಿಸಿದೆ, ಮನೆಗೊಂದರಂತೆ ಎಣಿಸಿದೆ, ಕಡಿಮೆಯಿಂದ ಹೆಚ್ಚಿಗೆ ಸಾಲು ಹಚ್ಚಿದೆ. ಮೇಲೆ ಒಂದೊಂದೇ ಕಿಟ್ ಸಿಕ್ಕ ಮನೆಗಳು, ಕೆಳಗೆ ನಾಲ್ಕು ಐದು ಸಿಕ್ಕವು. ಗಾಡಿ ಹೊರಟಿತು. ಚಹಾ ಕುಡಿಯುತ್ತಾ ಕುಂತೆ.

ಪಕ್ಕದ ಮನೆಯ ಕಾಕಾ ಬಂದರು. ತಲಾಠಿ ಆಗಿ ನಿವೃತ್ತರಾದವರು. ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ನೋಡಿದರು.

"ತಮ್ಮಾ, ಇದರಾಗ ಸೊನ್ನಿ ಎಲ್ಲೈತಿ?"

"ಸೊನ್ನಿ ಯಾಕ್ರೀ ಕಾಕಾ?"

"ಒಂದೂ ಸಿಗಲಾರದ ಮನಿ ಇಲ್ಲೇನು? ಇಷ್ಟು ಮನ್ಯಾಗ ಒಂದೂ ಇಲ್ಲಂದ್ರ ಒಂದೋ ಇದು ರಾಮರಾಜ್ಯ, ಇಲ್ಲಾ ನಿನ್ನ ಲೆಕ್ಕ ತಪ್ಪೈತಿ. ಬೇಚರಾಕ್ ಊರು ಬಿಟ್ಟು ಜಮಾಬಂದಿ ಮಾಡಿದಂಗಾತು ನೋಡು."

ಕಪ್ಪು ಕೆಳಗಿಟ್ಟೆ. ಕಡಿಮೆ ಸಿಕ್ಕವರನ್ನು ಹುಡುಕಲು ಮಾಡಿದ ಪಟ್ಟಿಯಲ್ಲಿ ಏನೂ ಸಿಗದವರೇ ಇರಲಿಲ್ಲ. ಅವರ ಮನೆ ನಂಬರು ಎರಡನೇ ನೋಟ್‌ಬುಕ್ಕಿನಲ್ಲಿ ಎಲ್ಲೂ ಇಲ್ಲ. ಜೋಡಿ ಸಿಗದ ಸಾಲನ್ನು ಕಂಪ್ಯೂಟರು ಸದ್ದಿಲ್ಲದೆ ಕೈಬಿಟ್ಟಿತ್ತು.

ಆ ದಿನ ಕಾಕಾ ಆಡಿದ ಮಾತು ನನ್ನನ್ನು ಹಳೆಯ ದಪ್ತರಗಳ ಕಡೆ ಎಳೆದುಕೊಂಡು ಹೋಯಿತು. ಎರಡು ಪಟ್ಟಿ ಜೋಡಿಸಿ ಎಣಿಸುವ ವಿದ್ಯೆಗೆ ನಮ್ಮ ಕಡೆ ದೊಡ್ಡ ಇತಿಹಾಸವೇ ಇದೆ. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ದೀಪವಿಲ್ಲದ ಊರು

ಮೊದಲು ಆ ಮಾತು. ಬೇಚರಾಕ್ ಫಾರ್ಸಿಯಿಂದ ಬಂದದ್ದು. 'ಬೇ' ಅಂದರೆ ಇಲ್ಲದ, 'ಚಿರಾಗ್' ಅಂದರೆ ದೀಪ. ದೀಪ ಹಚ್ಚುವವರು ಯಾರೂ ಇಲ್ಲದ ಊರು. ರೋಗವೋ ಬರವೋ ಮುಳುಗಡೆಯೋ, ಕಾರಣ ಏನೇ ಇರಲಿ, ಜನ ಬಿಟ್ಟು ಹೋದ ಮಾತ್ರಕ್ಕೆ ಕಂದಾಯದ ಪಟ್ಟಿಯಿಂದ ಊರಿನ ಹೆಸರು ಹೋಗುವುದಿಲ್ಲ. ಅದರ ಗಡಿ ಇರುತ್ತದೆ, ಸರ್ವೆ ನಂಬರು ಇರುತ್ತವೆ, ಆಕಾರ ಇರುತ್ತದೆ. ಮನುಷ್ಯರ ಕಾಲಂನಲ್ಲಿ ಮಾತ್ರ ಸೊನ್ನೆ.

ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟು 1977ರಲ್ಲಿ ಮುಗಿಯಿತು. ಅದರ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲ ದೇವರ ಗುಡಿ ಮುಳುಗಿದೆ. ನೀರು ತೀರಾ ಇಳಿದ ವರ್ಷ ಗುಡಿ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಕಾಣದ ವರ್ಷವೂ ಗುಡಿ ಅಲ್ಲೇ ಇರುತ್ತದೆ. ಬೇಚರಾಕ್ ಊರಿನ ಸ್ಥಿತಿಯೂ ಇಂಥದ್ದೇ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಹಳ್ಳಿಗಳು 29,340. ಜನವಸತಿ ಇರುವವು 27,397. ವ್ಯತ್ಯಾಸ 1,943. ಈಗ ನೀವು ಊರುಗಳದ್ದೊಂದು ಪಟ್ಟಿ, ಕುಟುಂಬಗಳದ್ದೊಂದು ಪಟ್ಟಿ ಇಟ್ಟುಕೊಂಡು, ನಾನು ಮಾಡಿದಂತೆ ಎರಡನ್ನೂ ಸುಮ್ಮನೆ ಜೋಡಿಸಿ "ಊರಿಗೆಷ್ಟು ಕುಟುಂಬ" ಅಂತ ಕೇಳಿದಿರಿ ಅನ್ನಿ. ಉತ್ತರದಲ್ಲಿ 27,397 ಸಾಲು ಬರುತ್ತವೆ. ಒಂದು ಸಾವಿರದ ಒಂಬೈನೂರ ನಲವತ್ಮೂರು ಊರು ಮಾಯ. ತಪ್ಪಾಯಿತು ಅಂತ ಯಂತ್ರ ಹೇಳುವುದೂ ಇಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ತಪ್ಪೇ ಆಗಿಲ್ಲ. ಜೋಡಿ ಇದ್ದವನ್ನು ಎಣಿಸು ಅಂದಿರಿ, ಎಣಿಸಿತು.

ಕುಲಕರ್ಣಿಯ ದಪ್ತರ

ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬೈ ಆಡಳಿತದಲ್ಲಿತ್ತು. ಹಾಗಾಗಿ ನಮ್ಮ ಹೊಲದ ಕಾಗದಗಳ ಪದ್ಧತಿ ಮೈಸೂರು ಸೀಮೆಯದಲ್ಲ, ಮುಂಬೈಯದು. ಅಲ್ಲಿಯವರು ಪಹಣಿ ಅಂದರೆ ನಮ್ಮವರು ಉತಾರ ಅನ್ನುತ್ತಾರೆ. ಅಲ್ಲಿ ಶಾನುಭೋಗ, ಇಲ್ಲಿ ಕುಲಕರ್ಣಿ. ತಹಶೀಲ್ದಾರರನ್ನು ನಮ್ಮ ಹಿರಿಯರು ಈಗಲೂ ಮಾಮಲೇದಾರ ಅಂದುಬಿಡುತ್ತಾರೆ.

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ವಿಂಗೇಟ್, ಗೋಲ್ಡ್‌ಸ್ಮಿಡ್ ಮೊದಲಾದವರು ರೂಪಿಸಿದ ಮುಂಬೈ ಸರ್ವೆ ಪದ್ಧತಿ ಒಂದು ದೊಡ್ಡ ಕೆಲಸ ಮಾಡಿತು. ಪ್ರತಿ ಹೊಲಕ್ಕೂ ಒಂದು ನಂಬರು ಕೊಟ್ಟಿತು. ಅದಕ್ಕೂ ಮೊದಲು ಹೊಲ ಅಂದರೆ "ಹುಣಸೀಮರದ ಪಟ್ಟಿ", "ಹಳ್ಳದ ಕೆಳಗಿನ ಎರಿ". ಊರಿನವರಿಗೆ ಅಷ್ಟು ಸಾಕಾಗಿತ್ತು. ಆದರೆ ಎರಡು ಪುಸ್ತಕದಲ್ಲಿ ಬರೆದದ್ದು ಒಂದೇ ಹೊಲದ ಮಾತು ಅಂತ ಹೊರಗಿನವನಿಗೆ ಗೊತ್ತಾಗಬೇಕಾದರೆ ನಂಬರು ಬೇಕು. ನಾವು ಡೇಟಾಬೇಸಿನವರು 'ಕೀ' ಅನ್ನುವುದು ಇದಕ್ಕೇ.

ಆ ಸರ್ವೆಯ ಮುಖ್ಯ ಚಿಂತೆ ಕಂದಾಯ, ಅಂದರೆ ಯಾವ ಹೊಲಕ್ಕೆ ಎಷ್ಟು ಆಕಾರ ಅನ್ನುವುದು. ಹೊಲದ ಮೇಲೆ ಯಾರ್ಯಾರಿಗೆ ಏನೇನು ಹಕ್ಕು ಅನ್ನುವುದನ್ನು ಬರೆದಿಡುವ ವ್ಯವಸ್ಥೆ ಬಂದದ್ದು 1903ರ ಮುಂಬೈ ಕಾಯಿದೆಯಿಂದ. 1913ರಲ್ಲಿ ಅದನ್ನು ಭೂಕಂದಾಯ ಸಂಹಿತೆಯೊಳಗೇ ಸೇರಿಸಿದರು. ಆ ಪದ್ಧತಿಯಲ್ಲಿ ಊರಿನ ಲೆಕ್ಕಕ್ಕೆ ನಂಬರು ಹಾಕಿದ ನಮೂನೆಗಳಿದ್ದವು. ಆರನೇ ನಮೂನೆ ಹಕ್ಕು ಬದಲಾದ ಸುದ್ದಿಯ ಪುಸ್ತಕ. ಮಾರಿದರೆ, ಅಪ್ಪ ತೀರಿಕೊಂಡರೆ, ಅಣ್ಣತಮ್ಮಂದಿರು ಪಾಲಾದರೆ ವರ್ದಿ ಕೊಡಬೇಕು, ಅದು ಇಲ್ಲಿ ಏರಬೇಕು. ಏಳನೆಯದು ಸರ್ವೆ ನಂಬರಿನ ಮೇಲೆ ಯಾರ ಹಕ್ಕು ಅನ್ನುವುದು. ಹನ್ನೆರಡನೆಯದು ಬೆಳೆ. ಏಳು ಹನ್ನೆರಡು ಸೇರಿದ್ದೇ 'ಸಾತ್ ಬಾರಾ ಉತಾರ'. ಎಂಟು-ಅ ಖಾತೆಯದು, ಅಂದರೆ ಒಬ್ಬ ಮನುಷ್ಯನ ಹೆಸರಲ್ಲಿ ಊರಾಗಿನ ಯಾವ್ಯಾವ ಹೊಲ ಇದೆ ಅನ್ನುವ ಪಟ್ಟಿ.

ಇದನ್ನು ಸ್ವಲ್ಪ ನಿಧಾನಕ್ಕೆ ನೋಡಿ. ಏಳನೆಯದರಲ್ಲಿ ಒಂದು ಹೊಲಕ್ಕೆ ಹಲವು ಮಾಲೀಕರು. ಎಂಟು-ಅ ದಲ್ಲಿ ಒಬ್ಬ ಮಾಲೀಕನಿಗೆ ಹಲವು ಹೊಲ. ಸಂಬಂಧ ಒಂದೇ, ನೋಡುವ ದಿಕ್ಕು ಎರಡು. ಉತಾರದಲ್ಲಿ ಹೆಸರಿನ ಪಕ್ಕ ಆರನೇ ನಮೂನೆಯ ನೋಂದಣಿ ನಂಬರನ್ನು ಸುತ್ತು ಹಾಕಿ ಬರೆಯುತ್ತಿದ್ದರು. ಆ ಸುತ್ತು ಹಿಡಿದು ಹೋದರೆ ಈ ಹೆಸರು ಇಲ್ಲಿಗೆ ಬಂದದ್ದು ಹೇಗೆ ಅಂತ ಗೊತ್ತಾಗುತ್ತದೆ. ಹಳೆ ಹೆಸರನ್ನು ಅಳಿಸುತ್ತಿರಲಿಲ್ಲ, ಕಂಸದೊಳಗೆ ಹಾಕುತ್ತಿದ್ದರು. ಇದ್ದವನು ಈಗಿಲ್ಲ, ಆದರೆ ಇದ್ದ ಅನ್ನುವುದು ಉಳಿಯಬೇಕು. ನನ್ನ ಕಚೇರಿಯಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಇದೇ ಮಾತು ಕಲಿಸಲು ನಾನು ಎರಡು ದಿನ ತಗೊಳ್ಳುತ್ತೇನೆ.

ಎಣಿಕೆ ತಪ್ಪಬಾರದು ಅಂತ ಜಮಾಬಂದಿ ಇತ್ತು. ವರ್ಷಕ್ಕೊಮ್ಮೆ ಮೇಲಿನ ಅಧಿಕಾರಿ ಬಂದು ಊರಿನ ಲೆಕ್ಕ ತಾಲೂಕಿನ ಲೆಕ್ಕದ ಜೊತೆ ತಾಳೆ ನೋಡುವುದು. ಆ ತಾಳೆ ಊರುಗಳ ಪೂರ್ತಿ ಪಟ್ಟಿಯಿಂದ ಶುರುವಾಗಬೇಕು. ವಸೂಲಿ ಆದ ಊರುಗಳಿಂದ ಶುರು ಮಾಡಿದರೆ ವಸೂಲಿ ಆಗದ ಊರು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಕಾ ಅಂದದ್ದು ಇದನ್ನೇ. "ಮೊದಲ ಎಲ್ಲಾ ಊರಿನ ಹೆಸರ ಬರಿತಿದ್ವಿ. ಲೆಕ್ಕ ಇದ್ರ ತುಂಬು, ಇಲ್ಲಾಂದ್ರ ಸೊನ್ನಿ ಹಾಕು. ಜಾಗಾ ಖಾಲಿ ಬಿಟ್ರ ಸಾಹೇಬ ಬೈತಿದ್ದ."

ಹಾಗಂತ ಕುಲಕರ್ಣಿಯ ದಪ್ತರವನ್ನು ದೇವರ ಪೆಟ್ಟಿಗೆ ಮಾಡುವುದು ಬೇಡ. ಪುಸ್ತಕ ಅವನ ಮನೆಯಲ್ಲಿ, ಮೋಡಿ ಅಕ್ಷರ ಓದಲು ಬರುವವರು ಊರಲ್ಲಿ ಬೆರಳೆಣಿಕೆ. ಯಾರ ಹೆಸರು ಬರೆಯಬೇಕು, ಯಾರದು ಬಿಡಬೇಕು ಅನ್ನುವ ಅಧಿಕಾರ ಒಂದೇ ಮನೆತನದ ಕೈಯಲ್ಲಿ. 1950ರ ಮುಂಬೈ ಕಾಯಿದೆ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ತೆಗೆದುಹಾಕಿತು. ವತನದ ಕುಲಕರ್ಣಿ ಹೋಗಿ ಸಂಬಳದ ತಲಾಠಿ ಬಂದ.

1974: ಎರಡು ಸುದ್ದಿ

1974ರಲ್ಲಿ ಜಗತ್ತಿನ ಎರಡು ಮೂಲೆಯಲ್ಲಿ ನಡೆದ ಎರಡು ಸಂಗತಿ ನನ್ನ ತಲೆಯಲ್ಲಿ ಸದಾ ಒಟ್ಟಿಗೇ ಇರುತ್ತವೆ.

ಒಂದು ನಮ್ಮದು. ಆ ವರ್ಷ ಮಾರ್ಚ್ 1ರಂದು ಕರ್ನಾಟಕದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಗೇಣಿದಾರ ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು, ಭೂ ನ್ಯಾಯಮಂಡಳಿ ವಿಚಾರಣೆ ಮಾಡಬೇಕು. (ಇದು ಬೇರೆ ಏಳು, ಮೇಲೆ ಹೇಳಿದ ಮುಂಬೈ ಏಳಲ್ಲ.) ಅಷ್ಟೊತ್ತಿಗೆ 1964ರ ಕರ್ನಾಟಕದ ಭೂಕಂದಾಯ ಕಾಯಿದೆ ಬಂದು ಉತಾರಕ್ಕೆ ರಾಜ್ಯಕ್ಕೆಲ್ಲ ಒಂದೇ ರೂಪ ಆಗಿತ್ತು. ಅದರಲ್ಲಿ ಒಂಬತ್ತನೇ ಕಾಲಂ ಮಾಲೀಕನದು, ಹನ್ನೆರಡನೆಯದು ಸಾಗುವಳಿ ಮಾಡುವವನದು. ಹನ್ನೆರಡನೇ ಕಾಲಂನಲ್ಲಿ ಹೆಸರಿದ್ದ ಗೇಣಿದಾರನ ಕೈ ಗಟ್ಟಿ. ಇಪ್ಪತ್ತು ವರ್ಷ ಅದೇ ಹೊಲ ಉತ್ತರೂ ಹೆಸರು ಬರೆಸದವನು ಸಾಕ್ಷಿ ಹುಡುಕಿಕೊಂಡು ಓಣಿ ಓಣಿ ತಿರುಗಬೇಕಾಯಿತು. ಬಾಯಿಮಾತಿನ ಗೇಣಿಗೆ ಕಾಗದ ಎಲ್ಲಿಂದ ಬರಬೇಕು? ಅರ್ಜಿಯ ಕೊನೆ ದಿನ ಮುಂದೆ ಹೋಗುತ್ತಾ 1979ರ ಜೂನ್ 30ರವರೆಗೆ ಬಂತು. ಹೊಲದಲ್ಲಿ ಮನುಷ್ಯ ಇದ್ದಾನೆ, ಕಾಲಂನಲ್ಲಿ ಇಲ್ಲ.

ಇನ್ನೊಂದು ಅಮೆರಿಕದ್ದು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಐಬಿಎಂ ಪ್ರಯೋಗಾಲಯದಲ್ಲಿ ಎಡ್ಗರ್ ಕಾಡ್ ಅನ್ನುವ ಗಣಿತಜ್ಞ ಇದ್ದ. ಇಂಗ್ಲೆಂಡಿನವನು, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು. 1970ರಲ್ಲಿ ಅವನು ಬರೆದ ಲೇಖನದ ತಿರುಳು ಹೇಳಲು ಸುಲಭ: ಮಾಹಿತಿಯನ್ನೆಲ್ಲ ಸಾಲು ಕಾಲಂಗಳ ಕೋಷ್ಟಕಗಳಲ್ಲಿ ಇಡೋಣ, ಕೋಷ್ಟಕಗಳ ನಡುವಿನ ಸಂಬಂಧವನ್ನು ಅವುಗಳಲ್ಲಿರುವ ಬೆಲೆಗಳೇ ಹೇಳಲಿ. ಸುತ್ತು ಹಾಕಿದ ನೋಂದಣಿ ನಂಬರು ಉತಾರವನ್ನೂ ಆರನೇ ನಮೂನೆಯನ್ನೂ ಜೋಡಿಸುತ್ತಿದ್ದ ಹಾಗೆ. 1974ರಲ್ಲಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್, ಕೋಷ್ಟಕಗಳನ್ನು ಪ್ರಶ್ನೆ ಕೇಳಲು ಇಂಗ್ಲಿಷಿನಂಥದೊಂದು ಸರಳ ಭಾಷೆ ಮಾಡಿದರು. ಹೆಸರು ಸೀಕ್ವೆಲ್. ಟ್ರೇಡ್‌ಮಾರ್ಕ್ ತೊಡಕಿನಿಂದ ಮುಂದೆ ಅದು ಎಸ್‌ಕ್ಯೂಎಲ್ ಆಯಿತು. ಬಾಯ್ಸ್ ಅದೇ 1974ರಲ್ಲಿ ಇನ್ನೂ ಮೂವತ್ತು ತುಂಬದೆ ತೀರಿಕೊಂಡ. ತನ್ನ ಭಾಷೆ ಜಗತ್ತಿನ ಬ್ಯಾಂಕು, ರೈಲು, ಉತಾರ ಎಲ್ಲದರ ಹೊಟ್ಟೆಯಲ್ಲಿ ಕೂತದ್ದನ್ನು ಅವನು ನೋಡಲಿಲ್ಲ.

ಜೋಡಿ ಸಿಗದ ಸಾಲಿನ ಗತಿ ಏನು? ಕಾಡ್ 1979ರ ಇನ್ನೊಂದು ಲೇಖನದಲ್ಲಿ ಅದಕ್ಕೊಂದು ದಾರಿ ವಿವರಿಸಿದ. ಜೋಡಿ ಇಲ್ಲದಿದ್ದರೂ ಸಾಲನ್ನು ಉಳಿಸಿಕೊಳ್ಳುವುದು, ಎದುರಿನ ಜಾಗವನ್ನು 'ನಲ್', ಅಂದರೆ ಖಾಲಿ, ಅಂತ ಬಿಡುವುದು. ಇದನ್ನು ಔಟರ್ ಜಾಯಿನ್ ಅನ್ನುತ್ತಾರೆ. ಎಸ್‌ಕ್ಯೂಎಲ್‌ಗೆ ಅಮೆರಿಕದ ಮೊದಲ ಸ್ಟ್ಯಾಂಡರ್ಡ್ 1986ರಲ್ಲಿ ಬಂದರೂ ಲೆಫ್ಟ್ ಜಾಯಿನ್ ಅನ್ನುವ ಬರವಣಿಗೆ ಸ್ಟ್ಯಾಂಡರ್ಡಿನೊಳಗೆ ಬಂದದ್ದು 1992ರಲ್ಲಿ. ಅಲ್ಲಿಯವರೆಗೆ ಒಂದೊಂದು ಕಂಪನಿಯದು ಒಂದೊಂದು ರೀತಿ. ಒರಾಕಲ್‌ನವರು ಪ್ಲಸ್ ಗುರುತನ್ನು ಕಂಸದಲ್ಲಿ ಹಾಕುತ್ತಿದ್ದರು.

ಗೋಕಾಕದ ಆ ಸಂಜೆ

ಕಾಕಾ ಬೈದ ಮೇಲೆ ನಾನು ಪ್ರಶ್ನೆಯನ್ನು ತಿದ್ದಿದೆ. ಜಾಯಿನ್ ಅಂತ ಇದ್ದಲ್ಲಿ ಲೆಫ್ಟ್ ಜಾಯಿನ್ ಅಂತ ಹಾಕಿದೆ. ಎಡಗಡೆ ಮನೆಗಳ ಪಟ್ಟಿ, ಅದರ ಒಂದು ಸಾಲೂ ಬೀಳಕೂಡದು. ಈಗ ಎಲ್ಲಾ ಮನೆಗಳೂ ಬಂದವು. ಆದರೆ ಸೊನ್ನೆ ಮಾತ್ರ ಇಲ್ಲ! ಏನೂ ಸಿಗದ ಮನೆಗಳ ಮುಂದೂ 'ಒಂದು' ಅಂತ ಬಂದಿತ್ತು.

ನಾನು ಕೌಂಟ್ ಸ್ಟಾರ್ ಅಂತ ಬರೆದಿದ್ದೆ. ಸ್ಟಾರ್ ಅಂದರೆ ಸಾಲು ಎಣಿಸು ಅಂತ. ಕಿಟ್ ಸಿಗದ ಮನೆಗೂ ಒಂದು ಸಾಲು ಉಳಿದಿದೆಯಲ್ಲ, ಎದುರಿಗೆ ಖಾಲಿ ಇಟ್ಟುಕೊಂಡು? ಅದನ್ನೂ ಎಣಿಸಿತು. ಏನೂ ಸಿಗದವರು ಒಂದು ಸಿಕ್ಕವರ ಗುಂಪಿನಲ್ಲಿ ಕಲೆತುಹೋದರು. ಮೊದಲು ಅವರು ಪಟ್ಟಿಯಲ್ಲೇ ಇರಲಿಲ್ಲ, ಈಗ ಸಿಕ್ಕಿದೆ ಅಂತ ಸುಳ್ಳು ಲೆಕ್ಕ. ಯಾವುದು ಹೆಚ್ಚು ಕೆಟ್ಟದ್ದು ಅಂತ ಹೇಳುವುದು ಕಷ್ಟ.

ಎಣಿಸಬೇಕಾದದ್ದು ಸಾಲನ್ನಲ್ಲ, ಎರಡನೇ ಪಟ್ಟಿಯ ಒಂದು ಕಾಲಂ ಅನ್ನು. ಕೌಂಟ್‌ಗೆ ಕಾಲಂ ಕೊಟ್ಟರೆ ಅದು ಖಾಲಿಯನ್ನು ಬಿಟ್ಟು ಎಣಿಸುತ್ತದೆ. ಕನ್ನಡ ಅಕ್ಷರದಲ್ಲಿ ಬರೆದರೆ ಹೀಗೆ:

ಸೆಲೆಕ್ಟ್ ಮನೆ.ನಂಬರ್, ಕೌಂಟ್(ಕಿಟ್.ಕ್ರಮಸಂಖ್ಯೆ)
ಫ್ರಮ್ ಮನೆ
ಲೆಫ್ಟ್ ಜಾಯಿನ್ ಕಿಟ್ ಆನ್ ಕಿಟ್.ಮನೆನಂಬರ್ = ಮನೆ.ನಂಬರ್
ಗ್ರೂಪ್ ಬೈ ಮನೆ.ನಂಬರ್

ಇಷ್ಟೇ. ಮೊದಲ ಪಟ್ಟಿಯಿಂದ ಶುರು ಮಾಡು, ಜೋಡಿ ಇರಲಿ ಬಿಡಲಿ ಸಾಲು ಉಳಿಸಿಕೋ, ಎರಡನೇ ಪಟ್ಟಿಯಲ್ಲಿ ನಿಜವಾಗಿ ಇದ್ದದ್ದನ್ನು ಮಾತ್ರ ಎಣಿಸು, ಮನೆಗೊಂದರಂತೆ ಕಟ್ಟು ಕಟ್ಟು. "ಕಳೆದ ಎರಡು ದಿನದ ಕಿಟ್ ಅಷ್ಟೇ" ಅಂತ ಷರತ್ತು ಹಾಕುವುದಿದ್ದರೆ ಅದನ್ನೂ ಆನ್ ಅನ್ನುವಲ್ಲೇ ಸೇರಿಸಬೇಕು. ಕೆಳಗೆ ವೇರ್ ಅಂತ ಬರೆದು ಹಾಕಿದರೆ ಖಾಲಿ ಸಾಲಿಗೆ ದಿನಾಂಕವೇ ಇಲ್ಲದ್ದರಿಂದ ಅದು ಷರತ್ತು ಪಾಸಾಗದೆ ಮತ್ತೆ ಬಿದ್ದುಹೋಗುತ್ತದೆ. ಲೆಫ್ಟ್ ಜಾಯಿನ್ ಹಾಕಿದ್ದೂ ದಂಡ.

ಉಲ್ಟಾ ತಪ್ಪೂ ಇದೆ, ಇದ್ದದ್ದಕ್ಕಿಂತ ಹೆಚ್ಚು ಎಣಿಸುವುದು. ಒಂದು ಉತಾರದಲ್ಲಿ ಮೂವರು ಅಣ್ಣತಮ್ಮಂದಿರು ಅನ್ನಿ. ಆ ಹೊಲದ ಮೇಲೆ ಇದುವರೆಗೆ ನಾಲ್ಕು ಹಕ್ಕು ಬದಲಾವಣೆ ಆಗಿವೆ. ಹೊಲ, ಮಾಲೀಕ, ಬದಲಾವಣೆ, ಮೂರೂ ಪಟ್ಟಿ ಒಟ್ಟಿಗೆ ಜೋಡಿಸಿದರೆ ಪ್ರತಿ ಅಣ್ಣತಮ್ಮನ ಎದುರು ನಾಲ್ಕೂ ಬದಲಾವಣೆ ಬಂದು ಹನ್ನೆರಡು ಸಾಲಾಗುತ್ತವೆ. ಮಾಲೀಕರೆಷ್ಟು ಅಂದರೆ ಹನ್ನೆರಡು, ಬದಲಾವಣೆ ಎಷ್ಟು ಅಂದರೂ ಹನ್ನೆರಡು. ಒಂದೊಂದನ್ನೂ ಬೇರೆ ಬೇರೆ ಎಣಿಸಿ, ಮೊತ್ತ ಬಂದ ಮೇಲೆ ಜೋಡಿಸಬೇಕು. ಹಳೇ ಪದ್ಧತಿಯಲ್ಲಿ ಒಂದೊಂದು ಲೆಕ್ಕಕ್ಕೆ ಒಂದೊಂದು ನಮೂನೆ ಇದ್ದದ್ದರ ಲಾಭ ನನಗೆ ಅರ್ಥವಾದದ್ದು ಇಂಥ ಹನ್ನೆರಡನ್ನು ಒಂದೆರಡು ಸಲ ನೋಡಿದ ಮೇಲೆ.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಉತಾರಗಳು ಕಂಪ್ಯೂಟರಿಗೆ ಏರಿದವು. ಆಗ ತಾಲೂಕಾ ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಕಾಗದ ಕೈಗೆ ಬರುತ್ತಿತ್ತು. ಕೈಬರಹದ ಉತಾರಕ್ಕೆ ಮಾನ್ಯತೆ ಹೋಯಿತು. ತಲಾಠಿಯ ಮನೆ ಬಾಗಿಲು ಕಾಯುವುದು ತಪ್ಪಿತು, ಅದು ಸಣ್ಣ ಮಾತಲ್ಲ. ಆದರೆ ಕಂಪ್ಯೂಟರು ಏರಿಸಿಕೊಂಡದ್ದು ಪುಸ್ತಕದಲ್ಲಿ ಇದ್ದದ್ದನ್ನು. ಪುಸ್ತಕದಲ್ಲಿ ಹೆಸರಿಲ್ಲದ ತಂಗಿ, ಬಾಯಿಮಾತಿನಲ್ಲಿ ಪಾಲಾದ ತಮ್ಮ, ಇವರು ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಹುಕ್ಕೇರಿಯ ದೀಪ, ಮೂಡಲಗಿಯ ಗೆರೆ

ದೀಪದ ಮಾತು ಬಂದ ಮೇಲೆ ಹುಕ್ಕೇರಿಯನ್ನು ಬಿಡುವಂತಿಲ್ಲ. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಪ್ರಯೋಗಕ್ಕೆ ಅಂತ ಶುರುವಾದ ಮೊದಲ ಐದು ಸಂಘಗಳಲ್ಲಿ ಅದೊಂದು. ಕರ್ನಾಟಕದಲ್ಲಿ ಕರೆಂಟ್ ಹಂಚುವ ಸಹಕಾರಿ ಸಂಘ ಇವತ್ತಿಗೂ ಅದೊಂದೇ.

ಆದರೆ "ಊರಿಗೆ ಕರೆಂಟ್ ಬಂದಿದೆ" ಅಂದರೆ ಏನು? ಇದೂ ಎರಡು ಪಟ್ಟಿಯ ಲೆಕ್ಕವೇ, ಊರುಗಳದ್ದೊಂದು, ಸಂಪರ್ಕಗಳದ್ದೊಂದು. 1997ರವರೆಗೆ ಭಾರತ ಸರ್ಕಾರದ ವ್ಯಾಖ್ಯೆಯ ಪ್ರಕಾರ ಊರಿನ ಕಂದಾಯ ಗಡಿಯೊಳಗೆ ಯಾವುದೇ ಕೆಲಸಕ್ಕೆ ಕರೆಂಟ್ ಬಳಸಿದರೂ ಆ ಊರು ವಿದ್ಯುದೀಕರಣ ಆದಂತೆ. ಹೊಲದಲ್ಲೊಂದು ಪಂಪ್‌ಸೆಟ್ ಓಡಿದರೆ ಆಯಿತು, ಊರೊಳಗೆ ಬುಡ್ಡಿದೀಪ ಇದ್ದರೂ ನಡೆಯುತ್ತಿತ್ತು. 1997ರಲ್ಲಿ ಜನ ವಾಸಿಸುವ ಜಾಗದಲ್ಲಿ ಬಳಕೆ ಆಗಬೇಕು ಅಂತ ತಿದ್ದಿದರು. 2004ರಲ್ಲಿ ಕನಿಷ್ಠ ನೂರಕ್ಕೆ ಹತ್ತು ಮನೆಗಾದರೂ ಸಂಪರ್ಕ ಇರಬೇಕು, ಶಾಲೆ, ಪಂಚಾಯ್ತಿಯಂಥ ಕಡೆಗೂ ಇರಬೇಕು ಅಂದರು. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಊರಿನೊಂದಿಗೆ ದೇಶದ ಎಲ್ಲ ಹಳ್ಳಿಗೂ ಕರೆಂಟ್ ಬಂತು ಅಂತ ಘೋಷಣೆಯಾದದ್ದು ಈ ಲೆಕ್ಕದಲ್ಲೇ. ಊರು ಎಣಿಸಿದರೆ ನೂರಕ್ಕೆ ನೂರು. ಮನೆ ಎಣಿಸಿದ್ದರೆ ಅಂಕಿ ಬೇರೆ. ಲೆಫ್ಟ್ ಜಾಯಿನ್‌ನ ಎಡಗಡೆ ಯಾವ ಪಟ್ಟಿ ಇಡುತ್ತೀರಿ ಅನ್ನುವುದು ಬರೀ ಕಂಪ್ಯೂಟರಿನ ಪ್ರಶ್ನೆಯಲ್ಲ.

ಮೂಡಲಗಿಯ ಕಥೆ ಬೇರೆ. 2011ರ ಜನಗಣತಿಯಲ್ಲಿ ಅದು ಗೋಕಾಕ ತಾಲೂಕಿನೊಳಗಿನ ಊರು. 2017ರಲ್ಲಿ ಹೊಸ ತಾಲೂಕುಗಳ ಪಟ್ಟಿಯಿಂದ ಹೆಸರು ಬಿಟ್ಟುಹೋದಾಗ ಮೂಡಲಗಿಯ ಜನ ಬೀದಿಗಿಳಿದರು. ಆಮೇಲೆ ಸೇರಿಸಿದರು, 2018ರ ಹೊತ್ತಿಗೆ ತಾಲೂಕಾಯಿತು. ಈಗ ನೀವು ಹೊಸ ತಾಲೂಕುಗಳ ಪಟ್ಟಿಯನ್ನು ಎಡಗಡೆ ಇಟ್ಟು 2011ರ ಅಂಕಿಯನ್ನು ಜೋಡಿಸಿದರೆ ಮೂಡಲಗಿ ತಾಲೂಕಿನ ಎದುರು ಸೊನ್ನೆ ಬರುತ್ತದೆ. ಗೋಕಾಕದ ಎದುರು ಎರಡೂ ತಾಲೂಕಿನ ಮಂದಿ. ಇಲ್ಲಿ ಸೊನ್ನೆ ಅಂದರೆ ಜನ ಇಲ್ಲ ಅಂತಲ್ಲ, ಗೆರೆ ಆಗ ಇರಲಿಲ್ಲ ಅಂತ. ಹಳ್ಳೂರ, ಕುಲಗೋಡ ಊರುಗಳು ಇದ್ದಲ್ಲೇ ಇವೆ. ಹಳ್ಳಿ ಹಳ್ಳಿಯ ಅಂಕಿ ತೆಗೆದುಕೊಂಡು ಹೊಸ ಗೆರೆಯ ಪ್ರಕಾರ ಮತ್ತೆ ಕೂಡಿಸಬೇಕು, ಬೇರೆ ದಾರಿಯಿಲ್ಲ. ಸೊನ್ನೆ ಕಂಡರೆ ಸಾಲದು, ಅದು ಯಾವ ಜಾತಿಯ ಸೊನ್ನೆ ಅಂತಲೂ ಕೇಳಬೇಕು.

ಬೇಚರಾಕ್‌ನ ಉಲ್ಟಾ ಕೂಡ ನಮ್ಮ ನಾಡಿನಲ್ಲಿ ಇತ್ತು. ದೀಪ ಇದೆ, ಊರಿನ ಹೆಸರಿಲ್ಲ. ಲಂಬಾಣಿ ತಾಂಡಾಗಳು, ಹಟ್ಟಿಗಳು. ತಲೆಮಾರುಗಟ್ಟಲೆ ಜನ ಬದುಕಿದ ಜಾಗ, ಕಂದಾಯ ಗ್ರಾಮಗಳ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಮನೆಗೆ ಹಕ್ಕುಪತ್ರವೂ ಇಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ, ಈ ಐದು ಜಿಲ್ಲೆಗಳಲ್ಲಿ ಇಂಥ ಸುಮಾರು 1,475 ಜನವಸತಿಗಳನ್ನು ಕಂದಾಯ ಗ್ರಾಮ ಅಂತ ಘೋಷಿಸಿ, 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಎಡಗಡೆಯ ಪಟ್ಟಿಯೇ ಅಪೂರ್ಣ ಇದ್ದರೆ ಯಾವ ಜಾಯಿನ್ ಹಾಕಿದರೂ ಉಪಯೋಗವಿಲ್ಲ. ಆಗ ಓಣಿಗೆ ಹೋಗಿ ಪಟ್ಟಿಯನ್ನೇ ಮತ್ತೆ ಬರೆಯಬೇಕು.

ಮತ್ತೆ ಓಣಿಗೆ

ಆ ಸಂಜೆ ತಿದ್ದಿದ ಪಟ್ಟಿಯಲ್ಲಿ ಸೊನ್ನೆಯ ಮನೆಗಳು ಹದಿನೇಳು ಬಂದವು. ಹುಡುಗರ ಜೊತೆ ನಾನೂ ಹೋದೆ. ಯಾರೂ ಬೇಕಂತ ಬಿಟ್ಟದ್ದಲ್ಲ. ಹಂಚುವ ದಿನಗಳಲ್ಲಿ ಕೆಲವರು ಗಂಜಿ ಕೇಂದ್ರದಲ್ಲಿದ್ದರು, ಕೆಲವರು ಬೀಗರ ಊರಿಗೆ ಹೋಗಿದ್ದರು. ಬಾಗಿಲು ಹಾಕಿದ ಮನೆ ಮುಂದೆ ಗಾಡಿ ನಿಂತಿರಲಿಲ್ಲ, ಅಷ್ಟೇ. ತಿರುಗಿ ಬಂದ ಮೇಲೆ ಕೇಳಲು ಸಂಕೋಚ.

ಕೊನೆಯ ಮನೆಯಲ್ಲಿ ಒಬ್ಬರೇ ಆಯಿ. ಒದ್ದೆ ಗೋಡೆಗೆ ಬೆನ್ನು ಕೊಟ್ಟು ಕುಂತಿದ್ದರು. ಅಕ್ಕಿ ಚೀಲ ಒಳಗಿಟ್ಟ ಮೇಲೆ ಕೇಳಿದರು:

"ನನ್ನ ಹೆಸರ ಬರಕೊಂಡಿದ್ದಿಲ್ಲೇನಪಾ ನೀವು?"

ಹುಡುಗರು ನನ್ನ ಮುಖ ನೋಡಿದರು. ಹೆಸರು ಮೊದಲ ದಿನವೇ ಬರೆದಿತ್ತು, ಎಂಟನೇ ಪುಟದಲ್ಲಿ, ಸ್ಪಷ್ಟ ಅಕ್ಷರದಲ್ಲಿ.

"ಬರದಿತ್ತು ಆಯಿ," ಅಂದೆ. "ಎಣಿಸೂ ಮುಂದ ನಾ ಬಿಟ್ಟಿದ್ದೆ."